ಮುಂಬಾಗಿಲಿನ ಚರಿತ್ರೆ

ಅಮೆರಿಕದ ಅರ್ಕಾನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲ್ ಜಗತ್ತಿಗೆ ಪರಿಚಯವಾದದ್ದು ಒಂದು ಛಾಯಾಚಿತ್ರದಿಂದ. 1957ರ ಸೆಪ್ಟೆಂಬರ್ 4ರಂದು ತೆಗೆದ ಆ ಚಿತ್ರದಲ್ಲಿ ಹದಿನೈದರ ಹರೆಯದ ಎಲಿಜಬೆತ್ ಎಕ್‌ಫರ್ಡ್ ಎಂಬ ಕಪ್ಪು ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ನಡೆಯುತ್ತಿದ್ದಾಳೆ. ಬೆನ್ನ ಹಿಂದೆ ಬಿಳಿಯರ ಗುಂಪು ಅರಚುತ್ತಿದೆ. ಚಿತ್ರವನ್ನು ಕಂಡವರು ಆ ಹುಡುಗಿಯ ಮೌನವನ್ನು ಮರೆಯಲಾರರು, ಅವಳ ಹಿಂದಿನ ಮುಖಗಳ ಕ್ರೌರ್ಯವನ್ನೂ ಮರೆಯಲಾರರು. ಆದರೆ ಆಕೆ ಪ್ರವೇಶಿಸಲಾಗದೆ ಹಿಂದಿರುಗಿದ ಶಾಲೆಯ ಕಟ್ಟಡದ ಕುರಿತು ನಮ್ಮಲ್ಲಿ ಯಾರೂ ಹೆಚ್ಚು ಬರೆದಂತಿಲ್ಲ. ಈ ಕಥೆಯಲ್ಲಿ ಆ ಕಟ್ಟಡವೂ ಒಂದು ಮುಖ್ಯ ಪಾತ್ರವೆಂದೇ ನಾನು ತಿಳಿದಿದ್ದೇನೆ.

ಶಾಲೆ ಆರಂಭವಾದದ್ದು 1927ರಲ್ಲಿ. ಅಂದಿನ ಲೆಕ್ಕದಲ್ಲಿ ಅದಕ್ಕೆ ತಗುಲಿದ ವೆಚ್ಚ 15 ಲಕ್ಷ ಡಾಲರ್. ಒಂದು ಪ್ರೌಢಶಾಲೆಗೆ ಇಷ್ಟು ಹಣವೇ ಎಂದು ಆ ಕಾಲದ ಅಮೆರಿಕ ಬೆರಗಾದದ್ದು ಸಹಜ. ಐವರು ವಾಸ್ತುಶಿಲ್ಪಿಗಳು ಸೇರಿ ನಕ್ಷೆ ರೂಪಿಸಿದರು. ರಾಜ್ಯದ ಶಾಸನ ಭವನಕ್ಕೆ ಮೊದಲು ನಕ್ಷೆ ಹಾಕಿದ್ದ ಜಾರ್ಜ್ ಮ್ಯಾನ್ ಅವರಲ್ಲೊಬ್ಬರು. ಗಾಥಿಕ್ ಶೈಲಿಯ ಪುನರುಜ್ಜೀವನದ ಮಾದರಿಯಲ್ಲಿ, ತಿಳಿ ಬಣ್ಣದ ಇಟ್ಟಿಗೆಯಿಂದ ಎದ್ದ ಈ ಕಟ್ಟಡ ನಗರದ ಎರಡು ಬೀದಿಗಳ ಅಂತರವನ್ನು ಆಕ್ರಮಿಸಿಕೊಂಡಿದೆ. ನಡುವೆ ಎತ್ತರವಾದ ಮುಖ್ಯ ಭಾಗ. ಅದರ ಇಕ್ಕೆಲಗಳಲ್ಲಿ ಗಾಳಿ, ಬೆಳಕು ಧಾರಾಳವಾಗಿ ಬರುವಂತೆ ಚಾಚಿಕೊಂಡ ತರಗತಿಗಳ ಸಾಲು. ಸುಮಾರು ಎರಡು ಸಾವಿರ ಮಂದಿ ಕೂರಬಲ್ಲ ಸಭಾಂಗಣ ಒಳಗಿದೆ. ಎದುರಿಗೆ ಕೊಳ, ಅದನ್ನು ದಾಟಿದರೆ ಎರಡು ಕಡೆಯಿಂದಲೂ ಏರಿ ಹೋಗುವ ಮೆಟ್ಟಿಲುಗಳು. ಮುಂಬಾಗಿಲಿನ ಮೇಲ್ಗಡೆ ಗ್ರೀಕ್ ದೇವತೆಗಳ ಮಾದರಿಯ ನಾಲ್ಕು ವಿಗ್ರಹಗಳಿವೆ. ಅವುಗಳ ಹೆಸರು ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ ಮತ್ತು ಸಿದ್ಧತೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಇದನ್ನು ದೇಶದ ಅತ್ಯಂತ ಸುಂದರ ಪ್ರೌಢಶಾಲೆಯೆಂದು ಕೊಂಡಾಡಿತು.

‘ಅವಕಾಶ’ ಎಂಬ ಹೆಸರಿನ ವಿಗ್ರಹವನ್ನು ಬಾಗಿಲ ಮೇಲೆ ನಿಲ್ಲಿಸಿದ ಆ ಶಾಲೆಗೆ ಸೇರಲು ಊರಿನ ಕಪ್ಪು ಮಕ್ಕಳಿಗೆ ಮಾತ್ರ ಅವಕಾಶವಿರಲಿಲ್ಲ. ಅವರಿಗಾಗಿ 1929ರಲ್ಲಿ ಡನ್‌ಬಾರ್ ಹೈಸ್ಕೂಲ್ ಸಿದ್ಧವಾಯಿತು. ಕಪ್ಪು ಜನರ ಬದುಕನ್ನು ಬರೆದ ಕವಿ ಪಾಲ್ ಲಾರೆನ್ಸ್ ಡನ್‌ಬಾರ್‌ನ ಹೆಸರನ್ನು ಅದಕ್ಕಿಟ್ಟರು. ಸೆಂಟ್ರಲ್‌ನ ಐವರು ವಾಸ್ತುಶಿಲ್ಪಿಗಳ ಪೈಕಿ ವಿಟನ್‌ಬರ್ಗ್ ಮತ್ತು ಡೆಲೋನಿ ಎಂಬ ಇಬ್ಬರು ಇದರ ನಕ್ಷೆಯನ್ನೂ ತಯಾರಿಸಿದರು. ಕಟ್ಟಡದ ಮುಖ ನೋಡಿದವರಿಗೆ ಅದು ಸೆಂಟ್ರಲ್‌ನ ತಂಗಿಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ವೆಚ್ಚ ಸುಮಾರು ನಾಲ್ಕು ಲಕ್ಷ ಡಾಲರ್ ಮಾತ್ರ. ಅದರಲ್ಲೂ ಒಂದು ಪಾಲನ್ನು ಭರಿಸಿದ್ದು, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸಾವಿರಾರು ಶಾಲೆಗಳನ್ನು ಕಟ್ಟಲು ನೆರವಾದ ರೋಸೆನ್‌ವಾಲ್ಡ್ ನಿಧಿ. ಸೆಂಟ್ರಲ್‌ನಲ್ಲಿ ಓದಿ ಬಿಟ್ಟ ಪಠ್ಯಪುಸ್ತಕಗಳೇ ತಮ್ಮ ಕೈಗೆ ಬರುತ್ತಿದ್ದವೆಂದು ಕಪ್ಪು ಮಕ್ಕಳ ಶಾಲೆಗಳಲ್ಲಿ ಓದಿದವರು ನೆನೆದುಕೊಂಡಿದ್ದಾರೆ. ಒಂದೇ ನಗರ, ಅದೇ ಶಿಲ್ಪಿಗಳು, ಎರಡು ವರ್ಷಗಳ ಅಂತರ, ಎರಡು ಅಂದಾಜುಪಟ್ಟಿ. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಅಂದಿನ ಕಾನೂನಿನ ಸುಳ್ಳನ್ನು ಬಯಲು ಮಾಡಲು ಯಾವ ವಕೀಲರ ವಾದವೂ ಬೇಕಿರಲಿಲ್ಲ, ಈ ಎರಡು ಕಟ್ಟಡಗಳ ಲೆಕ್ಕಪತ್ರಗಳೇ ಸಾಕಾಗಿದ್ದವು. ಆದರೂ ಡನ್‌ಬಾರ್‌ನ ಶಿಕ್ಷಕರು ಸುಮ್ಮನೆ ಕೂರಲಿಲ್ಲ. ಬಿಳಿಯ ಶಿಕ್ಷಕರಿಗೆ ಸಮನಾದ ಸಂಬಳ ಕೇಳಿ ಅಲ್ಲಿನ ಶಿಕ್ಷಕಿ ಸೂ ಮಾರಿಸ್ 1942ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 1945ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು.

ಶಾಲೆಗಳಲ್ಲಿ ವರ್ಣಭೇದ ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಸಾರಿದ್ದು 1954ರ ಮೇ 17ರಂದು. ಲಿಟಲ್ ರಾಕ್‌ನ ಶಿಕ್ಷಣ ಮಂಡಳಿ ಅದನ್ನು ಹಂತಹಂತವಾಗಿ ಜಾರಿಗೊಳಿಸುವ ಯೋಜನೆ ಹಾಕಿತು. ಇಲ್ಲೊಂದು ಸೂಕ್ಷ್ಮವಿದೆ. ನಗರದ ಪಶ್ಚಿಮಕ್ಕೆ, ಸಿರಿವಂತ ಬಿಳಿಯರ ಬಡಾವಣೆಗಳ ಕಡೆ, ಹಾಲ್ ಹೈಸ್ಕೂಲ್ ಎಂಬ ಹೊಸ ಶಾಲೆ 1957ರಲ್ಲೇ ಆರಂಭವಾಯಿತು. ಅಲ್ಲಿಗೆ ಆಗ ಸೇರಿದ್ದು ಬಿಳಿಯ ಮಕ್ಕಳು ಮಾತ್ರ. ಸಮಾನತೆಯ ಪ್ರಯೋಗಕ್ಕೆ ಒಡ್ಡಿದ್ದು ಬಿಳಿಯ ಕೂಲಿಕಾರರ ಮಕ್ಕಳೂ ಓದುತ್ತಿದ್ದ ಸೆಂಟ್ರಲ್ ಶಾಲೆಯನ್ನು. ಉಳ್ಳವರು ತಮ್ಮ ಮಕ್ಕಳಿಗೆ ಬೇರೆ ಬಾಗಿಲು ತೆರೆದುಕೊಂಡು, ಸುಧಾರಣೆಯ ಹೊರೆಯನ್ನು ಇಲ್ಲದವರ ಹೆಗಲಿಗೆ ಹೊರಿಸುವುದು ಅಮೆರಿಕಕ್ಕಷ್ಟೇ ಸೀಮಿತವಾದ ಚಾಳಿಯೇನಲ್ಲ. ಬೀದಿಗಿಳಿದ ಗುಂಪಿನ ಕ್ರೌರ್ಯವನ್ನು ಇದು ಮನ್ನಿಸುವಂತೆ ಮಾಡುವುದಿಲ್ಲವಾದರೂ ಅದರ ಬೇರುಗಳನ್ನು ತೋರಿಸುತ್ತದೆ.

ಶಾಲೆಗೆ ಆಯ್ಕೆಯಾದ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನೇ ನಿಲ್ಲಿಸಿದರು. ಎಲ್ಲರೂ ಒಟ್ಟಾಗಿ ಹೋಗಬೇಕೆಂಬ ಸುದ್ದಿ ಮನೆಯಲ್ಲಿ ದೂರವಾಣಿ ಇಲ್ಲದ ಎಲಿಜಬೆತ್‌ಗೆ ತಲುಪಲಿಲ್ಲ. ಆದ್ದರಿಂದಲೇ ಆಕೆ ಒಬ್ಬಳೇ ಬಂದದ್ದು. ಸೆಪ್ಟೆಂಬರ್ 23ರಂದು ಒಂಬತ್ತು ಮಂದಿಯನ್ನೂ ಪಕ್ಕದ ಬಾಗಿಲಿನಿಂದ ಒಳಗೆ ಕರೆದೊಯ್ದರು. ಹೊರಗೆ ಜನ ದೊಂಬಿಗೆ ನಿಂತಾಗ ಮಧ್ಯಾಹ್ನದೊಳಗೇ ಅವರನ್ನು ಗುಟ್ಟಾಗಿ ಹೊರಕ್ಕೆ ಸಾಗಿಸಬೇಕಾಯಿತು. ಎರಡು ದಿನಗಳ ನಂತರ, 25ರಂದು, ಅಧ್ಯಕ್ಷ ಐಸೆನ್‌ಹೋವರ್ ಕಳುಹಿಸಿದ 101ನೇ ಏರ್‌ಬೋರ್ನ್ ಡಿವಿಷನ್‌ನ ಸೈನಿಕರ ಕಾವಲಿನಲ್ಲಿ ಅದೇ ಮಕ್ಕಳು ಮುಂಭಾಗದ ಮೆಟ್ಟಿಲುಗಳನ್ನೇರಿ, ಆ ನಾಲ್ಕು ವಿಗ್ರಹಗಳ ಕೆಳಗಿನ ಮುಂಬಾಗಿಲಿನಿಂದ ಒಳಹೊಕ್ಕರು. ಪಕ್ಕದ ಬಾಗಿಲಿಗೂ ಮುಂಬಾಗಿಲಿಗೂ ಇರುವ ಅಂತರ ಕೆಲವೇ ಗಜಗಳು. ಅದನ್ನು ದಾಟಿಸಲು ಸಾವಿರಕ್ಕೂ ಮಿಕ್ಕಿದ ಸೈನಿಕರು ಬೇಕಾದರು.

ಮೊಗಸಾಲೆಗಳಲ್ಲಿ ಸೈನಿಕರು ಜೊತೆಗಿರುತ್ತಿದ್ದರು. ತರಗತಿಯ ಒಳಗೆ, ಶೌಚಾಲಯದಲ್ಲಿ, ವ್ಯಾಯಾಮಶಾಲೆಯಲ್ಲಿ ಇರುತ್ತಿರಲಿಲ್ಲ. ಆ ಮಕ್ಕಳು ಹೆಚ್ಚು ಹಿಂಸೆ ಅನುಭವಿಸಿದ್ದು ಇಂತಹ ಜಾಗಗಳಲ್ಲೇ. 1958ರ ಮೇ ತಿಂಗಳಲ್ಲಿ ಅರ್ನೆಸ್ಟ್ ಗ್ರೀನ್ ಆ ಶಾಲೆಯಿಂದ ತೇರ್ಗಡೆಯಾದ ಮೊದಲ ಕಪ್ಪು ವಿದ್ಯಾರ್ಥಿಯಾದರು. ಪದವಿ ಪ್ರದಾನದ ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಭಿಕರ ನಡುವೆ ಕುಳಿತಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫಾಬಸ್ ನಗರದ ಪ್ರೌಢಶಾಲೆಗಳನ್ನೇ ಮುಚ್ಚಿಸಿದರು. ಮತದಾರರು 7,561ಕ್ಕೆ ಎದುರಾಗಿ 19,470 ಮತಗಳಿಂದ ಅದನ್ನು ಅನುಮೋದಿಸಿದರು! ಕರಾರಿಗೆ ಬದ್ಧರಾಗಿದ್ದ ಶಿಕ್ಷಕರು ಮಾತ್ರ ದಿನವೂ ಬಂದು ಖಾಲಿ ಬೆಂಚುಗಳೆದುರು ಕುಳಿತು ಹೋಗುತ್ತಿದ್ದರು. ಪಾಠಗಳಿಲ್ಲದ ಆ ವರ್ಷವೂ ಶಾಲೆಯ ಫುಟ್‌ಬಾಲ್ ತಂಡ ಪಂದ್ಯಗಳನ್ನಾಡಿತು ಎಂಬುದು ಇತಿಹಾಸದ ವ್ಯಂಗ್ಯ.

ಇಂತಹ ಕಟ್ಟಡವನ್ನು ಮುಂದೇನು ಮಾಡುವುದು? ನಗರಕ್ಕೆ ನಾಚಿಕೆ ತಂದ ಗೋಡೆಗಳೆಂದು ಕೆಡವಬಹುದಿತ್ತು. ಮಕ್ಕಳನ್ನು ಹೊರಗೆ ಕಳುಹಿಸಿ, ಟಿಕೆಟ್ ಇಟ್ಟು, ವಸ್ತುಸಂಗ್ರಹಾಲಯ ಮಾಡಬಹುದಿತ್ತು. ಎರಡನ್ನೂ ಮಾಡದಿದ್ದುದು ದೊಡ್ಡ ವಿವೇಕ. 1982ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು, 1998ರಲ್ಲಿ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ವ್ಯಾಪ್ತಿಗೆ ಬಂತು. ಸಂದರ್ಶಕರ ಕೇಂದ್ರವನ್ನು ಬೀದಿಯ ಆಚೆ ಬದಿಯಲ್ಲಿ ಕಟ್ಟಿದರು. ಅಲ್ಲೇ ಇರುವ ಹಳೆಯ ಪೆಟ್ರೋಲ್ ಬಂಕನ್ನೂ ಉಳಿಸಿಕೊಂಡಿದ್ದಾರೆ, ಏಕೆಂದರೆ 1957ರಲ್ಲಿ ಪತ್ರಕರ್ತರು ಸುದ್ದಿ ಕಳುಹಿಸಿದ್ದು ಅದರ ದೂರವಾಣಿಯಿಂದ. ಶಾಲೆಯೊಳಗೆ ಇಂದಿಗೂ ಗಂಟೆ ಬಾರಿಸುತ್ತದೆ, ಎಲ್ಲ ಬಣ್ಣದ ಮಕ್ಕಳೂ ಓದುತ್ತಾರೆ. ಡನ್‌ಬಾರ್ ಕೂಡ ಶಾಲೆಯಾಗಿಯೇ ಉಳಿದಿದೆ.

ನಮ್ಮ ನಾಡಿನಲ್ಲಿಯೂ ನೂರು, ನೂರೈವತ್ತು ವರ್ಷ ದಾಟಿದ ಶಾಲೆಗಳಿವೆ. ಅವುಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳನ್ನು ಓದುವುದು ನನಗೆ ಇಷ್ಟ. ಸ್ಥಳದಾನಿಗಳ ಭಾವಚಿತ್ರ, ಮುಖ್ಯೋಪಾಧ್ಯಾಯರ ಪಟ್ಟಿ, ಕಲ್ಲಿನ ಕಮಾನುಗಳ ವರ್ಣನೆ, ಮುಂದೆ ಮಂತ್ರಿಯೋ ವಿಜ್ಞಾನಿಯೋ ಆದ ಹಳೆಯ ವಿದ್ಯಾರ್ಥಿಗಳ ಹೆಮ್ಮೆಯ ನೆನಪು, ಎಲ್ಲವೂ ಅವುಗಳಲ್ಲಿರುತ್ತವೆ. ಯಾರು ಒಳಗೆ ಬರಲಾಗಲಿಲ್ಲ, ಬಂದವರು ಎಲ್ಲಿ ಕುಳಿತರು ಎಂಬ ಒಂದು ಪುಟ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಲಿಟಲ್ ರಾಕ್‌ಗಿಂತ ನೂರೊಂದು ವರ್ಷ ಮುಂಚೆ, 1856ರ ಜೂನ್‌ನಲ್ಲಿ, ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ್ ಜಾತಿಯ ಹುಡುಗನಿಗೆ ಪ್ರವೇಶ ಸಿಗಲಿಲ್ಲ. ಶುಲ್ಕ ಕೊಡಲು ಅವನು ಸಿದ್ಧನಿದ್ದ. ಮುಂಬಯಿ ಸರ್ಕಾರಕ್ಕೆ ಮನವಿ ಸಲ್ಲಿಸಿದಾಗ ನ್ಯಾಯ ಅವನ ಕಡೆಗಿದೆಯೆಂದು ಒಪ್ಪಿದ ಅದೇ ಸರ್ಕಾರ, ಒಬ್ಬನಿಗಾಗಿ ಯುಗಗಳ ಪೂರ್ವಗ್ರಹವನ್ನು ಕದಲಿಸಲಾಗದೆಂದು ಕೈಚೆಲ್ಲಿತು. ಸರ್ಕಾರಿ ಶಾಲೆಗಳು ಎಲ್ಲರಿಗೂ ಸೇರಿದವೆಂದು ಲಂಡನ್ನಿನಿಂದ ಆದೇಶ ಬಂದದ್ದು 1858ರಲ್ಲಿ. ಆದೇಶ ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲವೆನ್ನುವುದು ಮುಂದಿನ ಕಥೆ.

ಆ ಮುಂದಿನ ಕಥೆಯ ಸಾಕ್ಷ್ಯ ಇರುವುದು ಹಳೆಯ ಶಾಲೆಗಳ ಅಡ್ಮಿಷನ್ ರಿಜಿಸ್ಟರುಗಳಲ್ಲಿ. ಅಂಬೇಡ್ಕರ್ ಅವರು 1900ರ ನವೆಂಬರ್ 7ರಂದು ಸಾತಾರದ ಸರ್ಕಾರಿ ಶಾಲೆಗೆ ಸೇರಿದ್ದನ್ನು ಇಂದಿಗೂ ತೋರಿಸುತ್ತಿರುವುದು ಅಂತಹ ರಿಜಿಸ್ಟರಿನ ಒಂದು ಸಾಲು. ಮಹಾರಾಷ್ಟ್ರ ಆ ದಿನವನ್ನು ವಿದ್ಯಾರ್ಥಿ ದಿನವಾಗಿ ಆಚರಿಸುತ್ತಿದೆ. ಹೆಸರು, ಜಾತಿ, ತಂದೆಯ ಕಸುಬು, ಶಾಲೆ ಬಿಟ್ಟ ತಾರೀಖು ಮತ್ತು ಕಾರಣ ಅವುಗಳಲ್ಲಿ ದಾಖಲಾಗಿರುತ್ತವೆ. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವ ಸಮಿತಿಗಳು ಹೆಂಚು, ಗಾರೆ, ಕಮಾನುಗಳನ್ನು ಲೆಕ್ಕ ಹಾಕಿದಂತೆಯೇ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವನ್ನೂ ತೆರೆಸಿ ನೋಡಲಿ. ಗೆದ್ದಲು ತಿನ್ನುವ ಮೊದಲು ಆ ಪುಟಗಳ ಛಾಯಾಪ್ರತಿ ತೆಗೆದಿಡುವುದಕ್ಕೆ ತಗುಲುವ ಹಣ ಒಂದು ಕಮಾನಿಗೆ ಸುಣ್ಣ ಬಳಿಯುವ ಖರ್ಚಿಗಿಂತ ಹೆಚ್ಚಾಗಲಾರದು.