ಬಂದರಿನ ಬೀದಿಯ ಹಳೆಯ ಮನೆಗಳು

ಮಂಗಳೂರಿನ ಹಳೆಯ ಬಂದರಿನ ಓಣಿಗಳಲ್ಲಿ ಕೆಂಪು ಮಾಡಿನ ಮನೆಯೊಂದು ಕಂಡರೆ ಸಾಕು, “ಇದು ಪೋರ್ಚುಗೀಸರ ಕಾಲದ್ದು” ಎಂದು ಹೇಳಿ ಮುಂದೆ ನಡೆಯುವವರು ನಮ್ಮಲ್ಲಿ ಬಹಳ ಮಂದಿ. ಈ ಮಾತನ್ನು ನಾನು ಒಪ್ಪಲಾರೆ. ಪೋರ್ಚುಗೀಸರು ಈ ಕರಾವಳಿಗೆ ಬಂದುದು ಹದಿನಾರನೆಯ ಶತಮಾನದಲ್ಲಿ; ಆ ಮನೆಗಳ ಮೇಲಿರುವ ಹಂಚು ಇಲ್ಲಿ ಹುಟ್ಟಿದುದು 1865ರಲ್ಲಿ. ನಡುವೆ ಮುನ್ನೂರು ವರ್ಷಗಳ ಅಂತರವಿದೆಯಷ್ಟೆ!

ಅದಕ್ಕೆ ಮೊದಲು ಈ ಕಡೆಯ ಮನೆಗಳಿಗೆ ಮುಳಿಹುಲ್ಲು ಇಲ್ಲವೆ ತೆಂಗಿನ ಮಡಲಿನ ಹೊದಿಕೆ. ಅನುಕೂಲಸ್ಥರಾದರೆ ಕುಂಬಾರರ ನಾಡಹಂಚು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊದಿಸುವ ಕಷ್ಟ ಹೇಳತೀರದು; ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವ ಈ ಬಗೆಯ ಹಂಚನ್ನು ಫ್ರಾನ್ಸಿನ ಗಿಲಾರ್ಡೊನಿ ಸಹೋದರರು 1841ರಲ್ಲಿಯೇ ರೂಪಿಸಿದ್ದರು. ಯುಕ್ತಿ ಅಲ್ಲಿಯದು, ಮಣ್ಣು ನಮ್ಮ ಹೊಳೆಯದು. ಮುಂದೆ ಅದೇ ಹಂಚು ಇದೇ ಬಂದರಿನಿಂದ ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ತನ್ನ ಬೀದಿ ಹೊರನಾಡಿಗೆ ಮಾರಿದ ಸರಕನ್ನೇ ತಾನೂ ಹೊದ್ದುಕೊಂಡಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಗೋಡೆಯ ಕಥೆ ಬೇರೆ. ಮುರಕಲ್ಲನ್ನು ನೆಲದಿಂದ ಕಡಿಯುವಾಗ ಅದು ಮೆತ್ತಗಿರುತ್ತದೆ. ಗಾಳಿ ತಗಲಿದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಹಳೆಯ ಗೋಡೆಯ ಮೇಲೆ ಹೊಸ ಮಾಡು ಕುಳಿತಿರುವುದು ಸಾಧ್ಯ. ಹಂಚು ಮಾಡಿನ ವಯಸ್ಸನ್ನು ಹೇಳೀತೇ ಹೊರತು ಮನೆಯ ವಯಸ್ಸನ್ನಲ್ಲ.

ಕಳೆದ ಬೇಸಿಗೆಯಲ್ಲಿ ಬಂದರಿನಲ್ಲಿ ಒಂದು ಮನೆ ಕೆಡವುವುದನ್ನು ನೋಡುತ್ತ ನಿಂತಿದ್ದೆ. ಕೆಳಗೆ ಸರಕಿನ ಕೋಣೆ, ಮೇಲೆ ವಾಸ, ಬೀದಿಗೆ ಚಾಚಿದ ಮರದ ಬಾಲ್ಕನಿ. ಪಕಾಸು, ರೀಪು, ಬಾಗಿಲುವಾಡಗಳನ್ನು ಮಾರುವುದಕ್ಕೆಂದು ಜೋಪಾನವಾಗಿ ಇಳಿಸಿದರು. ಮನೆಯ ನಕ್ಷೆಯನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ಎರಡು ದಿನಗಳಲ್ಲಿ ಎಲ್ಲವೂ ಬಯಲು.

ಇದಕ್ಕಾಗಿ ಮನೆಯ ಯಜಮಾನರನ್ನು ಬೈಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಮುಖ್ಯ ಬಂದರುಗಳಲ್ಲೊಂದಾಯಿತು. ದೊಡ್ಡ ಹಡಗುಗಳ ವ್ಯಾಪಾರ ಅತ್ತ ಸೇರಿತು. ಹಳೆಯ ದಕ್ಕೆಗೆ ಉಳಿದುದು ಮುಖ್ಯವಾಗಿ ಮೀನಿನ ದೋಣಿಗಳು ಮತ್ತು ಮಂಜಿಗಳು. ಪಾಲುದಾರರು ಹತ್ತು ಮಂದಿ, ಬಾಡಿಗೆ ಅಲ್ಪ, ಮಾಡು ಸೋರುತ್ತದೆ. ಅವರು ಏನು ಮಾಡಬೇಕು? “ಪರಂಪರೆ ಉಳಿಸಿ” ಎಂದು ತಾರಸಿ ಮನೆಯಲ್ಲಿ ಕುಳಿತು ಉಪದೇಶಿಸುವುದು ಸುಲಭ.

ಆದರೆ ಬೀಳುವ ಮನೆಯನ್ನು ಬೀಳುವ ಮುನ್ನ ಅಳೆದು ಬರೆದಿಡಬಹುದಲ್ಲವೆ? ಅದಕ್ಕೆ ಸರಕಾರದ ಹಣವೇನೂ ಬೇಡ. ಒಂದು ಅಳತೆಯ ಟೇಪು, ಒಂದು ನೋಟುಪುಸ್ತಕ, ಯಜಮಾನರ ಅಪ್ಪಣೆ, ಇಷ್ಟಿದ್ದರೆ ಸಾಕು. ಶಾಸನಗಳನ್ನು ಬಾಯಿಪಾಠ ಮಾಡುವ ನಮ್ಮ ಇತಿಹಾಸ ತರಗತಿಯವರು ಬೇಸಿಗೆಯ ರಜೆಯಲ್ಲಿ ಈ ಕೆಲಸಕ್ಕೆ ಇಳಿಯಬೇಕೆಂಬುದು ನನ್ನ ಮತ. ಗುರುಗಳು ಕ್ಷಮಿಸಬೇಕು, ಇದಕ್ಕೆ ಕೆಲವು ಅಂಕಗಳನ್ನು ಇಟ್ಟರೂ ತಪ್ಪಲ್ಲ.

ಹೋಗುವವರಿಗೆ ಒಂದು ಸೂಚನೆ. ಹಂಚಿನ ಮೇಲ್ಮೈ ಏನನ್ನೂ ಹೇಳದು. ಬೋರಲು ಹಾಕಿ ಹಿಂಬದಿಯನ್ನು ಓದಬೇಕು. ಅಲ್ಲಿ 1865 ಎಂದಿದ್ದರೆ ಕೂಡಲೆ ಹಿಗ್ಗಬೇಡಿ. ಅದು ಕಾರ್ಖಾನೆ ಆರಂಭವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಬಾಸೆಲ್ ಮಿಷನ್ನಿನ ಬದಲು ಕಾಮನ್‌ವೆಲ್ತ್ ಎಂಬ ಹೆಸರು ಕಂಡರೆ ಅದು ಮೊದಲನೆಯ ಮಹಾಯುದ್ಧದ ನಂತರದ ಹಂಚು. ಕಾರ್ಖಾನೆ ಆಗ ಜರ್ಮನರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಗಿತ್ತು. ಒಂದೇ ಮಾಡಿನಲ್ಲಿ ಎರಡು ಹೆಸರುಗಳೂ ಸಿಕ್ಕಿದರೆ, ಯಾವ ಹಂಚು ಯಾವ ಕಡೆಯಿತ್ತೆಂದು ಇಳಿಸುವ ಮೊದಲೇ ಗುರುತು ಹಾಕಿಕೊಳ್ಳಿ.