ಕಾರ್ಡ್ ಹೋಗಿರಲಿಲ್ಲ

ಮಸ್ಕತ್‌ಗೆ ಹೋಗುವಾಗ ಭಾಯಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಬೆಳಿಗ್ಗೆ ವೈಫೈ ನಾಪತ್ತೆ. ಹಿಂದಿನ ರಾತ್ರಿ ಉಬುಂಟು ಅಪ್‌ಡೇಟ್ ಆಗಿತ್ತು. ಅಬ್ಬಾ ಗಂಗೊಳ್ಳಿಯಿಂದ ಕುಂದಾಪುರದ ಒಂದು ಅಂಗಡಿಗೆ ಒಯ್ದರು. ಎರಡು ನಿಮಿಷ ನೋಡಿ, "ಕಾರ್ಡ್ ಹೋಯ್ತ್ ಸಾಯ್ಬ್ರೆ" ಅಂದರಂತೆ. ಕಾರ್ಡ್ ಬದಲಿಸಿ ವಿಂಡೋಸ್ ಹಾಕಲು ಎರಡೂವರೆ ಸಾವಿರ. ನನ್ನ ಸ್ಕಾಲರ್‌ಶಿಪ್ ಅರ್ಜಿಗೆ ಉಳಿದಿದ್ದು ಐದು ದಿನ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಯಂತ್ರಕ್ಕೆ 11 ಹಿಡಿಸುವುದಿಲ್ಲ. ಅದಕ್ಕೇ ಲಿನಕ್ಸ್ ಹಾಕಿದ್ದೆವು. ಈಗ ಮನೆಯಲ್ಲಿ ಎಲ್ಲರೂ ಲಿನಕ್ಸನ್ನೇ ಬೈಯತೊಡಗಿದರು.

ಟರ್ಮಿನಲ್‌ನಲ್ಲಿ ಮೊದಲು 'ಆರ್‌ಎಫ್‌ಕಿಲ್ ಲಿಸ್ಟ್' ಕೊಟ್ಟೆ. ವೈಫೈ ಸ್ವಿಚ್ ಆಫ್ ಆಗಿದ್ದರೆ ಅಲ್ಲೇ 'ಬ್ಲಾಕ್ಡ್' ಎಂದು ತೋರಿಸುತ್ತದೆ. ಅದೇನೂ ಇರಲಿಲ್ಲ. ಆಮೇಲೆ 'ಎಲ್‌ಎಸ್‌ಪಿಸಿಐ', ಜೊತೆಗೆ 'ಎನ್‌ಎನ್‌ಕೆ'. ಬ್ರಾಡ್‌ಕಾಮ್ ಬಿಸಿಎಂ 4313 ಎಂದು ಕಾರ್ಡಿನ ಹೆಸರು ಸರಿಯಾಗಿಯೇ ಬಂತು. ಸತ್ತ ಕಾರ್ಡ್ ಹೆಸರು ಹೇಳುತ್ತದೆಯೇ? ಆದರೆ ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲೇ ಇರಲಿಲ್ಲ.

ಈ ಕಾರ್ಡಿಗೆ ಇಬ್ಬರು ವಾರಸುದಾರರು. ಒಂದು ಕಂಪನಿಯ ಮುಚ್ಚಿದ ಡ್ರೈವರ್ 'ಡಬ್ಲ್ಯುಎಲ್'. ಇನ್ನೊಂದು ಅದೇ ಬ್ರಾಡ್‌ಕಾಮ್ 2010ರ ಸೆಪ್ಟೆಂಬರಿನಲ್ಲಿ ಬಿಟ್ಟುಕೊಟ್ಟ ಮುಕ್ತ ಡ್ರೈವರ್. ಅದರಿಂದ ಬಂದದ್ದೇ ಇವತ್ತಿನ 'ಬಿಆರ್‌ಸಿಎಂಎಸ್‌ಮ್ಯಾಕ್'. ಇಬ್ಬರೂ ಒಂದೇ ಕಾರ್ಡನ್ನು ಹಿಡಿಯುವಂತಿಲ್ಲ. ಹಾಗಾಗಿ ಡಬ್ಲ್ಯುಎಲ್‌ನ ಪ್ಯಾಕೇಜ್ ಬರುವಾಗಲೇ ಇನ್ನೊಬ್ಬನನ್ನು ತಡೆಪಟ್ಟಿಗೆ ಸೇರಿಸುತ್ತದೆ. ಭಾಯಿ ಅದನ್ನೇ ಹಾಕಿದ್ದ. ಹೊಸ ಕರ್ನಲ್ ಬಂದಾಗ ಡಬ್ಲ್ಯುಎಲ್ ಅದಕ್ಕೆ ಹೊಂದಿಕೊಳ್ಳದೆ ಕೈಕೊಟ್ಟಿತು. ತಡೆಪಟ್ಟಿ ಮಾತ್ರ ಹಾಗೇ ಉಳಿಯಿತು. ತಾನೂ ದುಡಿಯಲಿಲ್ಲ, ದುಡಿಯುವವನನ್ನೂ ಬಿಡಲಿಲ್ಲ.

ಆ ಪ್ಯಾಕೇಜನ್ನು 'ಪರ್ಜ್' ಮಾಡಿ ರೀಸ್ಟಾರ್ಟ್ ಮಾಡಿದೆ. ಬರೀ 'ರಿಮೂವ್' ಅಂದರೆ ತಡೆಪಟ್ಟಿ ಉಳಿದುಬಿಡಬಹುದು. ವೈಫೈ ಬಂತು. ಖರ್ಚು ಸೊನ್ನೆ. (ನಿಮ್ಮ ಕಾರ್ಡಿನ ನಂಬರ್ ನೋಡದೆ ಇದನ್ನೇ ಮಾಡಬೇಡಿ. ಬಿಸಿಎಂ 43142 ಆಗಿದ್ದರೆ ಡಬ್ಲ್ಯುಎಲ್ ಬೇಕೇ ಬೇಕು. ಆಗ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ, ಅದರ ನೆಟ್‌ನಿಂದ ಡ್ರೈವರನ್ನು ಮತ್ತೆ ಹಾಕಿ.)

ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದರೆ ನಾವು ಹೊಸ ಲೆಡ್ಜರ್ ಪುಸ್ತಕ ಕೊಳ್ಳುವುದಿಲ್ಲ, ತಪ್ಪಿದ ಎಂಟ್ರಿ ಹುಡುಕುತ್ತೇವೆ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಯಾರೋ 'ಹೋಯ್ತ್' ಅಂದರೆ ಸಾಕು, ಪರ್ಸ್ ತೆಗೆಯುತ್ತೇವೆ. ಅಂಗಡಿಯವರದೇ ತಪ್ಪು ಎನ್ನಲಾರೆ, ಅವರಿಗೆ ಸಮಯವೇ ದುಡ್ಡು. ನಮಗೆ ಯಾರೂ ನೋಡಲು ಕಲಿಸಿಲ್ಲ ಎಂಬುದು ನನ್ನ ದೂರು. ಕಾಮರ್ಸ್‌ನವರಿಗೆ ಲಿನಕ್ಸ್ ಯಾಕೆ, ಟ್ಯಾಲಿ ವಿಂಡೋಸಿನದಲ್ಲವೇ ಎಂದು ಕೇಳಬಹುದು. ಒಪ್ಪಿದೆ, ಟ್ಯಾಲಿ ಇರುವ ಯಂತ್ರಗಳು ಹಾಗೇ ಇರಲಿ. ಆದರೆ ಕಾಸರಗೋಡು ಸೇರಿ ಇಡೀ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ನಮಗೇನು ಕಷ್ಟ?

ಶನಿವಾರ ಕ್ಲಾಸ್ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿಡಿ ಎಂದು ಸರ್ ಹತ್ತಿರ ಕೇಳಿದ್ದೇನೆ. ಮನೆಯಲ್ಲಿ 'ಹೋದ' ಲ್ಯಾಪ್‌ಟಾಪ್ ಇದ್ದವರು ತನ್ನಿ. ಚಾರ್ಜರ್ ಮರೆಯಬೇಡಿ.