ಮತ್ತೆ ಜ್ವರ ಬಂದ್ರೆ ದುಡ್ಡು ಹೋಗುತ್ತಾ?

ನಮ್ಮ ಆಫೀಸಿನ ಪ್ಯಾಂಟ್ರಿ ಅಕ್ಕ ಜ್ವರದ ರಜೆ ಮುಗಿಸಿ ಬಂದು ಹತ್ತೇ ದಿನ, ಮತ್ತೆ ಮಲಗಿದ್ರು. ‘ಮೊದಲೆರಡು ದಿನದ ದುಡ್ಡು ಈ ಸಲಾನೂ ಹೋಯ್ತು ಬಿಡಿ ಸರ್’ ಅಂದ್ರು ಫೋನಲ್ಲಿ.

2017ರಲ್ಲಿ ಸಂಬಳದ ಮಿತಿ 15,000ದಿಂದ 21,000 ರೂಪಾಯಿಗೆ ಏರಿದ ಮೇಲೇ ಅಕ್ಕ ಇಎಸ್‌ಐ ಒಳಗೆ ಬಂದದ್ದು. ತಿಂಗಳು ತಿಂಗಳು ಶೇ. 0.75 ಕಟ್ ಆಗುತ್ತೆ. ಆಪ್‌ನಲ್ಲಿ ಸಿಕ್ ಲೀವ್ ಒತ್ತಿ ಮಲಗುವ ನನಗೆ ಇದರ ನಿಯಮ ಗೊತ್ತೇ ಇರಲಿಲ್ಲ, ಹುಡುಕಿ ಓದಿದೆ. ಕಾಯಿಲೆಯ ಮೊದಲ 2 ದಿನಕ್ಕೆ ಭತ್ಯೆ ಇಲ್ಲ, ನಿಜ. ಆದರೆ ಹಿಂದಿನ ಕಾಯಿಲೆ ಮುಗಿದ 15 ದಿನದೊಳಗೆ ಮತ್ತೆ ಬಿದ್ದರೆ ಆ ಕಡಿತ ಇಲ್ಲ. ಮೊದಲ ದಿನದಿಂದಲೇ ಕೂಲಿಯ ಶೇ. 70.

‘ಡಿಸ್ಪೆನ್ಸರಿ ಸರ್ಟಿಫಿಕೇಟ್ ತಗೊಂಡ್ರಾ ಅಕ್ಕಾ?’

‘ಇಲ್ಲ ಸರ್, ಮೆಡಿಕಲ್ ಶಾಪಲ್ಲೇ ಮಾತ್ರೆ ತಗೊಂಡೆ.’

ಸರ್ಟಿಫಿಕೇಟ್ ಇಲ್ಲದೆ ಕ್ಲೇಮೇ ಇಲ್ಲ. ಇವತ್ತೇ ಹೋಗಿ ಅಂತ ಆಟೋ ಬುಕ್ ಮಾಡಿದೆ.